ಪಾರ್ಕಿನ್ಸನ್ಸ್ ಸಂಶೋಧನೆ ಬಗ್ಗೆ ಹಳ್ಳಿಗಳಲ್ಲಿ ಹೇಳ್ತಿದೀವಿ, "ಪ್ರಯೋಗ" ಅಂದ ತಕ್ಷಣ ಜನ ಎದ್ದು ಹೋಗ್ತಾರೆ, ಏನ್ ಮಾಡೋದು?

ತಿಪಟೂರು ಹುಡುಗ:
ಎಲ್ರಿಗೂ ನಮಸ್ಕಾರ. ನಮ್ಮಪ್ಪಂಗೆ ಪಾರ್ಕಿನ್ಸನ್ಸ್, ಅಂದ್ರೆ ಕೈಕಾಲು ನಡುಗಿ ಮೈ ಬಿಗಿಯಾಗೋ ಮೆದುಳಿನ ಕಾಯಿಲೆ, ಅಂತ ಗೊತ್ತಾಗಿ ನಾಲ್ಕು ವರ್ಷ ಆಯ್ತು. ಅದಕ್ಕೂ ಮುಂಚೆ ಎರಡು ವರ್ಷ ಭುಜ ಹಿಡ್ಕೊಂಡಿದೆ ಅಂತ ಎಣ್ಣೆ ತಿಕ್ಕಿಸಿದ್ವಿ, ಲಕ್ವ ಇರ್ಬೇಕು ಅಂತ ಯಾರೋ ಹೇಳಿದ್ರು ಅಂತ ನಾಟಿ ಔಷಧಿ ಕೊಡಿಸಿದ್ವಿ, ಸುಮ್ನೆ ಟೈಮ್ ಹೋಯ್ತು. ಅಪ್ಪ ಕೊಬ್ಬರಿ ವ್ಯಾಪಾರದವ್ರು, ಕಾಯಿನ ಕಿವಿ ಹತ್ರ ಹಿಡ್ಕೊಂಡು ಕುಲುಕಿ ಒಳಗೆ ಕೊಬ್ಬರಿ ಬಿಟ್ಟಿದ್ಯಾ ಇಲ್ವಾ ಅಂತ ಕಣ್ಣು ಮುಚ್ಕೊಂಡು ಹೇಳೋರು. ಈಗ ಅಂಗಿ ಗುಂಡಿ ಹಾಕ್ಕೊಳ್ಳೋಕೆ ಹತ್ತು ನಿಮಿಷ ಬೇಕು, ನಾನು ಹಾಕ್ತೀನಿ ಅಂದ್ರೆ ಬೇಡ ಅಂತಾರೆ.

ಹಂಗಾಗಿ ನಾನು, ಒಬ್ರು ಮೇಷ್ಟ್ರು, ಒಬ್ಬ ಮೆಡಿಕಲ್ ಶಾಪ್ ಹುಡುಗ, ಎರಡು ಮೂರು ಜನ ಫ್ರೆಂಡ್ಸ್ ಸೇರಿ ಭಾನುವಾರ ಸುತ್ತಮುತ್ತ ಹಳ್ಳಿಗಳಿಗೆ ಹೋಗಿ ಕಾಯಿಲೆ ಬಗ್ಗೆ ಹೇಳ್ತಿದೀವಿ, ಏಪ್ರಿಲ್ 11ಕ್ಕೆ ವಿಶ್ವ ಪಾರ್ಕಿನ್ಸನ್ಸ್ ದಿನ ಅಲ್ವಾ, ಅವತ್ತು ಸಮುದಾಯ ಭವನದಲ್ಲಿ ಸ್ವಲ್ಪ ದೊಡ್ಡದಾಗಿ ಮಾಡೋಣ ಅಂತ. ಲಕ್ಷಣ ಹೇಳೋವರೆಗೂ ಎಲ್ರೂ ಕೂತು ಕೇಳ್ತಾರೆ. ಹೋದ ವಾರ ಅರಳಿಕಟ್ಟೆ ಹತ್ರ ನಾನು "ಹೊಸ ಔಷಧಿ ಪ್ರಯೋಗಕ್ಕೆ ಜನ ಮುಂದೆ ಬರಬೇಕು" ಅಂದೆ ನೋಡಿ, ಒಬ್ರು ತಾತ "ನಾವೇನು ಇಲಿಗಳೇನಪ್ಪಾ" ಅಂತ ಟವೆಲ್ ಕೊಡವಿ ಎದ್ರು, ಅವರ ಹಿಂದೆ ಎಲ್ರೂ ಎದ್ರು. ಸಂಶೋಧನೆ ವಿಷ್ಯ ಬಿಟ್ಟೇ ಬಿಡೋದಾ, ಇಲ್ಲ ಬೇರೆ ಥರ ಹೇಳ್ಬೇಕಾ? ಅನುಭವ ಇರೋರು ದಯವಿಟ್ಟು ಹೇಳಿ.

ಶಾರದಕ್ಕ ಬೆಂಗಳೂರು:
ಬಿಡ್ಬೇಡಪ್ಪ. ನಾನು ಆರು ವರ್ಷದಿಂದ ಇಲ್ಲಿ ಒಂದು ಸಪೋರ್ಟ್ ಗ್ರೂಪಲ್ಲಿ ವಾಲಂಟಿಯರು, ನಮ್ಮನೆಯವರಿಗೂ ಇದೇ ಕಾಯಿಲೆ. ಮೊದಲು ಆ "ಪ್ರಯೋಗ" ಅನ್ನೋ ಪದ ತೆಗೆದು ಹಾಕು, ನಮ್ಮ ಜನಕ್ಕೆ ಪ್ರಯೋಗ ಅಂದ್ರೆ ಒಂದೋ ಇಲಿ ಇಲ್ಲಾ ಮಾಟ. "ಅಧ್ಯಯನ" ಅನ್ನು. ಹಾಗಂತ ಹೊಸ ಔಷಧಿ ಪರೀಕ್ಷೆ ಇದ್ರೆ ಅದನ್ನ ಮುಚ್ಚಿಡ್ಬೇಡ, ಅದರಲ್ಲಿ ಏನು ರಿಸ್ಕು ಅಂತ ಬಿಡಿಸಿ ಹೇಳ್ಬೇಕು. ಆದ್ರೆ ಸಂಶೋಧನೆ ಅಂದ್ರೆ ಬರೀ ಮಾತ್ರೆ ನುಂಗಿಸೋದಲ್ಲ. ಪ್ರಶ್ನೆ ಕೇಳಿ ಬರ್ಕೊಳ್ಳೋದು, ನಡೆಯೋದನ್ನ ನೋಡೋದು, ಜೀನ್ ಪರೀಕ್ಷೆಗೆ ಒಂದು ಚೂರು ರಕ್ತ ತಗೊಳ್ಳೋದು, ಇದೂ ಸಂಶೋಧನೆನೇ. ಕಾಯಿಲೆ ಇಲ್ಲದೋರೂ ಬೇಕಾಗ್ತಾರೆ, ಹೋಲಿಸಿ ನೋಡ್ಬೇಕಲ್ಲ, ನಾನೇ ಹಂಗೆ ಒಂದ್ಸಲ ರಕ್ತ ಕೊಟ್ಟಿದೀನಿ. ಇದನ್ನ ಹೇಳಿದಾಗ ಹೆಂಗಸರೇ ಮೊದಲು ಕೈ ಎತ್ತೋದು.

ಯಾಕೆ ಬೇಕು ಅನ್ನೋದನ್ನೂ ಬಿಡಿಸಿ ಹೇಳು. ಮೆದುಳಲ್ಲಿ ಡೋಪಮಿನ್ ಅನ್ನೋ ರಾಸಾಯನಿಕ ಮಾಡೋ ಜೀವಕೋಶಗಳು ಸಾಯ್ತಾ ಬರ್ತವೆ, ಕೈ ನಡುಗೋ ಹೊತ್ತಿಗೆ ಆಗಲೇ ಸುಮಾರು ಪಾಲು ಹೋಗಿರ್ತವೆ. ವಾಸನೆ ಗೊತ್ತಾಗದೆ ಇರೋದು, ಮಲಬದ್ಧತೆ, ನಿದ್ದೆಯಲ್ಲಿ ಕೂಗಾಡಿ ಕೈಕಾಲು ಬಡಿಯೋದು ಇವೆಲ್ಲ ಎಷ್ಟೋ ವರ್ಷ ಮುಂಚೆನೇ ಶುರುವಾಗಿರ್ಬಹುದು. ನಿಮ್ಮಪ್ಪ ತಗೊಳ್ಳೋ ಲೆವೊಡೋಪ 1960ರ ದಶಕದಿಂದ ಬಂದಿದ್ದು, ಇವತ್ತಿಗೂ ಮುಖ್ಯ ಔಷಧಿ ಅದೇನೇ, ಕಾಯಿಲೆನ ಅಲ್ಲಿಗೇ ನಿಲ್ಲಿಸೋ ಔಷಧಿ ಇನ್ನೂ ಬಂದಿಲ್ಲ. ಆಸೆ ಹುಟ್ಟಿಸೋಕೆ ಹೋಗಿ "ಬೇಗ ಸಿಗುತ್ತೆ" ಅಂತ ಮಾತ್ರ ಹೇಳ್ಬೇಡ.

ನಸುಗುನ್ನಿ ಕಾಯಿ ತೋರ್ಸು, ಹಳ್ಳಿಯೋರಿಗೆ ಗೊತ್ತಿರುತ್ತೆ, ಮೈಗೆ ತಗುಲಿದ್ರೆ ತುರಿಕೆ. ಅದರ ಬೀಜದಲ್ಲಿ ಲೆವೊಡೋಪ ಇದೆ ಅಂತ 1937ರಲ್ಲೇ ಮದ್ರಾಸಿನ ಇಬ್ರು ವಿಜ್ಞಾನಿಗಳು, ದಾಮೋದರನ್ ಮತ್ತೆ ರಾಮಸ್ವಾಮಿ, ಬೇರ್ಪಡಿಸಿ ತೋರಿಸಿದ್ರು. ಸಂಶೋಧನೆ ಅಂದ್ರೆ ಎಲ್ಲಾ ಫಾರಿನ್ನಿಂದ ಬಂದಿದ್ದು ಅಂತ ಅಂದ್ಕೊಂಡಿರೋರಿಗೆ ಇದು ಚೆನ್ನಾಗಿ ತಟ್ಟುತ್ತೆ. ಜೊತೆಗೇ ಹೇಳ್ಬಿಡು, ಆ ಪುಡಿನ ಡಾಕ್ಟ್ರಿಗೆ ಹೇಳದೆ ಮಾತ್ರೆ ಜೊತೆ ತಿನ್ಬೇಡಿ, ಡೋಸ್ ಜಾಸ್ತಿಯಾಗಿ ತೊಂದ್ರೆ ಆಗುತ್ತೆ ಅಂತ.

ಹುಬ್ಬಳ್ಳಿ ನಿವೃತ್ತ:
ಶಾರದಕ್ಕಾರು ಹೇಳಿದ್ದು ಖರೇ ಐತ್ರಿ. ನಾ ಸ್ವತಃ ಪೇಷಂಟ್, ಒಂಬತ್ತು ವರ್ಷ ಆತು. ಬ್ಯಾಂಕಿನಾಗ ಮೂವತ್ತು ವರ್ಷ ಮಂದಿ ಸಹಿ ತಾಳೆ ನೋಡಿದಾಂವ ನಾನು, ರಿಟೈರ್ ಆಗೂ ಹೊತ್ತಿಗೆ ನನ್ನ ಸಹಿನs ತಾಳೆ ಆಗಲಿಲ್ಲ. ಶುರುವಿನ ಅಕ್ಷರ ಸರಿ ಇರ್ತಿತ್ತು, ಹೋಗ್ತ ಹೋಗ್ತ ಇರುವಿ ಸಾಲಿನಂಗ ಸಣ್ಣ ಆಗ್ತಿತ್ತು. ಕೈ ನಡುಗೂದು ಆಮ್ಯಾಲೆ ಬಂತು. ನಿಮ್ಮ ಪಾಂಪ್ಲೆಟ್‌ನಾಗ ಬರೇ ನಡುಗೋ ಕೈ ಚಿತ್ರ ಹಾಕಬ್ಯಾಡ್ರಿ, ನಡುಕ ಇಲ್ಲದೋರೂ ಅದಾರ.

ಇನ್ನೊಂದು ಮಾತು ಹೇಳಬೇಕು, ನನಗ ಇದು ಭಾಳ ನೋವಾದ ವಿಷಯ. ಐದು ವರ್ಷದ ಹಿಂದ ಒಂದು ಕಡೆ ಸ್ಟೆಮ್ ಸೆಲ್ (ಬ್ಯಾರೆ ಬ್ಯಾರೆ ಜೀವಕೋಶ ಆಗಬಲ್ಲ ಮೂಲ ಕೋಶ) ಅಂತ ಹೇಳಿ, ಹೊಸ ಸಂಶೋಧನೆ ಅಂತ ಹೇಳಿ ನನ್ನ ಕಡೆ ನಾಲ್ಕು ಲಕ್ಷ ಇಸಕೊಂಡ್ರು, ಮಗಳ ಮದುವಿಗೆ ಇಟ್ಟಿದ್ದ ರೊಕ್ಕ ಅದು, ಏನೂ ಫರಕ್ ಬೀಳಲಿಲ್ಲ. ಆಮ್ಯಾಲೆ ತಿಳೀತು, ನಮ್ಮ ದೇಶದ 2017ರ ನಿಯಮಾವಳಿ ಪ್ರಕಾರ ಪಾರ್ಕಿನ್ಸನ್ಸ್‌ಗೆ ಸ್ಟೆಮ್ ಸೆಲ್ ಅನ್ನೂದು ಅನುಮತಿ ತಗೊಂಡು ನಡಸೂ ಅಧ್ಯಯನದಾಗ ಮಾತ್ರ ಕೊಡಬಹುದು, ರೊಕ್ಕ ತಗೊಂಡು ಟ್ರೀಟ್‌ಮೆಂಟ್ ಅಂತ ಕೊಡೂ ಹಂಗಿಲ್ಲ. ಸಂಶೋಧನೆ ಅಂತ ಹೇಳಿ ರೊಕ್ಕ ಕೇಳಿದ್ರ ಅಲ್ಲೇ ಎದ್ದು ಬರ್ರಿ ಅಂತ ಜನಕ್ಕ ಹೇಳ್ರಿ. ಭಾರತದಾಗ ಔಷಧದ ಟ್ರಯಲ್ ಯಾವುದೇ ಇರಲಿ, 2009ರಿಂದ ಸಿಟಿಆರ್‌ಐ ಅನ್ನೂ ಸರ್ಕಾರಿ ವೆಬ್‌ಸೈಟಿನಾಗ ನೋಂದಣಿ ಆಗಿರಬೇಕು, ಯಾರ ಬೇಕಾದ್ರೂ ಹುಡುಕಿ ನೋಡಬಹುದು. ಕಾಗದಾ ನಿಮಗ ತಿಳಿಯೂ ಭಾಷಾದಾಗ ಇರಬೇಕು, ನಡುವ ಬ್ಯಾಡ ಅನಿಸಿದ್ರ ಬಿಟ್ಟು ಬರಬಹುದು, ಅದರಿಂದ ನಿಮ್ಮ ಮಾಮೂಲಿ ಟ್ರೀಟ್‌ಮೆಂಟ್ ನಿಲ್ಲಂಗಿಲ್ಲ. ಎದ್ದು ಹೋದ ಆ ಅಜ್ಜಾರದು ತಪ್ಪಿಲ್ರಿ, ಅವರಿಗೆ ಇದನ್ನೆಲ್ಲಾ ಯಾರೂ ಹೇಳಿಲ್ಲ.

ಎಡಿನ್‌ಬರಾ ಕನ್ನಡತಿ:
ನಾನಿರೋ ಊರಲ್ಲೇ ನಡೆದಿದ್ದು, ಅದಕ್ಕೆ ಬರೀತಿದೀನಿ. ಜಾಯ್ ಮಿಲ್ನ್ ಅಂತ ಸ್ಕಾಟ್ಲೆಂಡಿನ ಒಬ್ರು ನರ್ಸ್, ಗಂಡನ ಮೈ ವಾಸನೆ ಬದಲಾಗಿದೆ ಅಂತ ಅವರಿಗೆ ಅನ್ನಿಸಿತ್ತು, ಸುಮಾರು ಹನ್ನೆರಡು ವರ್ಷ ಆದ್ಮೇಲೆ ಗಂಡನಿಗೆ ಪಾರ್ಕಿನ್ಸನ್ಸ್ ಅಂತ ಗೊತ್ತಾಯ್ತು. ಮುಂದೆ ಪೇಷಂಟ್‌ಗಳು ಸೇರೋ ಒಂದು ಮೀಟಿಂಗಿಗೆ ಹೋದಾಗ ಅಲ್ಲಿರೋ ಬೇರೆಯವರಿಂದಲೂ ಅದೇ ವಾಸನೆ. ಒಂದು ಸಾರ್ವಜನಿಕ ಉಪನ್ಯಾಸದಲ್ಲಿ ಎದ್ದು ನಿಂತು ವಿಜ್ಞಾನಿನ ಇದರ ಬಗ್ಗೆ ಕೇಳೇಬಿಟ್ರು. ಆಮೇಲೆ ಹನ್ನೆರಡು ಜನ ಹಾಕ್ಕೊಂಡಿದ್ದ ಟೀ ಶರ್ಟ್ ಕೊಟ್ಟು ಪರೀಕ್ಷೆ ಮಾಡಿದ್ರು, ಆರು ಪೇಷಂಟ್‌ಗಳದ್ದು, ಆರು ಕಾಯಿಲೆ ಇಲ್ಲದವರದ್ದು. ಅವರು ಏಳು ಜನಕ್ಕೆ ಕಾಯಿಲೆ ಇದೆ ಅಂದ್ರು, ಒಂದು ತಪ್ಪು ಅಂತ ಬರ್ಕೊಂಡ್ರೆ ಆ ಏಳನೆಯವರಿಗೆ ವರ್ಷ ತುಂಬೋದ್ರೊಳಗೆ ಪಾರ್ಕಿನ್ಸನ್ಸ್ ಅಂತಾನೇ ಬಂತು! ಈಗ ಮ್ಯಾಂಚೆಸ್ಟರ್‌ನಲ್ಲಿ ಚರ್ಮದ ಎಣ್ಣೆಯಿಂದ ಕಾಯಿಲೆ ಪತ್ತೆ ಮಾಡೋ ಕೆಲಸ ನಡೀತಿರೋದು ಅದರಿಂದಾನೇ.

ಮನೆಯವರು ಗಮನಿಸಿದ್ದರಿಂದಾನೇ ಸಂಶೋಧನೆ ಶುರುವಾಯ್ತು ನೋಡಿ, ಅದಕ್ಕೆ ನಿಮ್ಮ ಕಾರ್ಯಕ್ರಮದಲ್ಲಿ ಮೈಕು ನಿಮ್ಮ ಕೈಲೇ ಇಟ್ಕೋಬೇಡಿ. ಅರ್ಧ ಹೊತ್ತು ಅವರು ಮಾತಾಡ್ಲಿ, ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ.

ತಿಪಟೂರು ಹುಡುಗ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಸರ್, ನಿಮ್ಮ ಸಹಿ ವಿಷ್ಯ ಅಪ್ಪಂಗೆ ಓದಿ ಹೇಳ್ದೆ, ಪೆನ್ ಪೇಪರ್ ಕೇಳಿ ತಮ್ಮ ಹೆಸರು ಬರೆದು ತುಂಬಾ ಹೊತ್ತು ನೋಡ್ತಾ ಕೂತಿದ್ರು.

ಇವತ್ತು ಬೆಳಿಗ್ಗೆ ಮತ್ತೆ ಅದೇ ಅರಳಿಕಟ್ಟೆಗೆ ಹೋಗಿದ್ವಿ, ನೋಟ್‌ಬುಕ್ ತಗೊಂಡು. ಹನ್ನೊಂದೇ ಜನ ಬಂದಿದ್ದು, ಆ ತಾತ ಬರ್ಲಿಲ್ಲ, ಅವರ ಮನೆಗೇ ಒಂದ್ಸಲ ಹೋಗಿ ಬರ್ತೀನಿ. ಎಲ್ಲಾ ಮುಗಿದ ಮೇಲೆ ಒಬ್ರು ಅಮ್ಮ ಪಕ್ಕಕ್ಕೆ ಕರೆದು, ಯಜಮಾನ್ರು ರಾತ್ರಿ ಕಳ್ಳನ್ನ ಓಡಿಸೋರ ಥರ ಕೂಗಿ ಒದೀತಾರೆ, ಮೂರು ವರ್ಷದಿಂದ ನಾನು ಬೇರೆ ಮಲಗ್ತೀನಿ, ನಾಚಿಕೆಗೆ ಯಾರಿಗೂ ಹೇಳಿಲ್ಲ ಅಂದ್ರು. ಅದೇ ಕಾಯಿಲೆ ಅಂತ ನಾನು ಹೇಳ್ಲಿಲ್ಲ, ನರರೋಗದ ಡಾಕ್ಟ್ರಿಗೆ ಒಂದ್ಸಲ ತೋರಿಸೋಣ, ನಾನೂ ಬರ್ತೀನಿ ಅಂದೆ, ಬುಧವಾರ ಹೋಗ್ತಿದೀವಿ.

ಶಾರದಕ್ಕ, ಏಪ್ರಿಲ್ 11ಕ್ಕೆ ನೀವು ಬರೋಕಾಗುತ್ತಾ? ಯಶವಂತಪುರದಲ್ಲಿ ಟ್ರೈನ್ ಹತ್ತಿದ್ರೆ ಆಯ್ತು, ಸ್ಟೇಷನ್ನಿಗೆ ನಾನೇ ಬರ್ತೀನಿ, ಊಟ ನಮ್ಮನೇಲೇ. ನಸುಗುನ್ನಿ ಕಾಯಿ ನಮ್ಮ ತೋಟದ ಬೇಲಿಯಲ್ಲೇ ಇದೆ, ಕವರಲ್ಲಿ ಹಾಕಿಟ್ಟಿರ್ತೀನಿ.