ಲ್ವಾರ್ ದಂಡೆಯಲ್ಲಿ ಎಂಟು ದಿನ ಸೈಕಲ್: ಹೋಗಿ ಬಂದವರ ಅನುಭವ

ಕೇಳಿದ್ದು, ಮೈಸೂರಿನಿಂದ

ನಮಸ್ಕಾರ. ನಾನು, ನನ್ನ ಹೆಂಡತಿ, ಇಬ್ಬರಿಗೂ 55 ದಾಟಿದೆ. ವಾರಕ್ಕೆ ಮೂರ್ನಾಲ್ಕು ದಿನ ಬೆಳಿಗ್ಗೆ 20 ಕಿ.ಮೀ. ಸೈಕಲ್ ತುಳಿಯುತ್ತೇವೆ, ಆರಾಮವಾಗಿ. ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಲ್ವಾರ್ ನದಿಯ ಪಕ್ಕದಲ್ಲಿ ಎಂಟು ದಿನ ಸೈಕಲ್‌ನಲ್ಲಿ ತಿರುಗಬೇಕು, ಹಳೇ ಅರಮನೆಗಳನ್ನು, ಊರುಗಳನ್ನು ನೋಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಬೇಕು? ದಿನಕ್ಕೆ ಎಷ್ಟು ದೂರ ಸರಿ? ಸೈಕಲ್ ಅಲ್ಲೇ ಬಾಡಿಗೆಗೆ ತಗೊಳ್ಳಬಹುದಾ? ನಾವು ಸಸ್ಯಾಹಾರಿಗಳು, ಫ್ರೆಂಚ್ ಬರುವುದಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ

ಸರ್, ನಾನು ಮತ್ತು ನಮ್ಮಕ್ಕ ಒಂದು ಜೂನ್ ತಿಂಗಳಲ್ಲಿ ಹೋಗಿದ್ದೆವು. ಪೂರ್ತಿ ದಾರಿ ಮುಗಿಸುವ ಯೋಚನೆ ಮಾತ್ರ ಬೇಡ. 'ಲ್ವಾರ್ ಆ ವೆಲೋ' ಅನ್ನುವ ಈ ಸೈಕಲ್ ದಾರಿ ನೆವೇರ್ ಊರಿನ ಹತ್ತಿರದಿಂದ ಅಟ್ಲಾಂಟಿಕ್ ಸಮುದ್ರದವರೆಗೆ ಸುಮಾರು 900 ಕಿ.ಮೀ. ಇದೆ. ನಿಮಗೆ ಬ್ಲ್ವಾದಿಂದ ಸೋಮ್ಯೂರ್‌ವರೆಗಿನ ತುಂಡು ಸಾಕು. ನೇರವಾಗಿ ಹೋದರೆ 150 ಕಿ.ಮೀ. ಆಸುಪಾಸು. ಅರಮನೆಗಳಿಗಾಗಿ ಒಳಗೆ ಹೋಗಿ ಬಂದರೆ ಇನ್ನೂರು ದಾಟಬಹುದು. ದಿನಕ್ಕೆ 30 ಕಿ.ಮೀ. ಇಟ್ಟುಕೊಳ್ಳಿ. ನೀವು 20 ತುಳಿಯುವವರು, ಕಷ್ಟವೇ ಆಗುವುದಿಲ್ಲ.

ದೂರಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ದಿನಕ್ಕೆ ಒಂದೇ ಅರಮನೆ ನೋಡಿ. ನಾವು ಎರಡನೇ ದಿನ ಬೆಳಿಗ್ಗೆ ಬ್ಲ್ವಾ ಹತ್ತಿರದ ಶಾಂಬೋರ್ ಅರಮನೆ ನೋಡಿ, ಮಧ್ಯಾಹ್ನ ಇನ್ನೊಂದಕ್ಕೆ ಹೋದೆವು. ಶಾಂಬೋರ್‌ನಲ್ಲಿ ನಾನೂರಕ್ಕೂ ಹೆಚ್ಚು ಕೋಣೆಗಳಿವೆ. ನಡುವೆ ಒಂದಕ್ಕೊಂದು ಸುತ್ತಿಕೊಂಡ ಎರಡು ಮೆಟ್ಟಿಲ ಸಾಲು. ನಾನು ಒಂದರಲ್ಲಿ ಹತ್ತಿದೆ, ಅಕ್ಕ ಇನ್ನೊಂದರಲ್ಲಿ. ಕಿಂಡಿಗಳಲ್ಲಿ ಒಬ್ಬರಿಗೊಬ್ಬರು ಕಾಣುತ್ತೇವೆ, ಆದರೆ ಮೇಲೆ ತಲುಪುವ ತನಕ ಎದುರಾಗುವುದಿಲ್ಲ. ಮಕ್ಕಳ ಹಾಗೆ ಮೂರು ಸಲ ಹತ್ತಿ ಇಳಿದೆವು. 1519ರಲ್ಲಿ ಕಟ್ಟಲು ಶುರು ಮಾಡಿಸಿದ ರಾಜ ಮೊದಲನೇ ಫ್ರಾನ್ಸ್ವಾ, ಅಷ್ಟು ದೊಡ್ಡ ಮನೆಯಲ್ಲಿ ಉಳಿದದ್ದು ಕೆಲವೇ ವಾರ. ಇದೆಲ್ಲ ಚೆನ್ನಾಗಿ ನೆನಪಿದೆ. ಮಧ್ಯಾಹ್ನ ನೋಡಿದ ಅರಮನೆ ಮಾತ್ರ ಒಂದು ಚೂರೂ ನೆನಪಿಲ್ಲ. ಕಾಲು ಸೋತಿತ್ತು, ಕಣ್ಣೂ ಸೋತಿತ್ತು. ಮಾರನೇ ದಿನದಿಂದ ಒಂದೇ ಅಂತ ತೀರ್ಮಾನ ಮಾಡಿದೆವು. ಪ್ರವಾಸ ನಿಜವಾಗಿ ಶುರುವಾಗಿದ್ದು ಆಗಲೇ.

ದಾರಿಯ ಬಗ್ಗೆ ಹೇಳುತ್ತೇನೆ. ಬಹಳಷ್ಟು ಕಡೆ ನೀವು ಹೋಗುವುದು ನದಿಯ ಏರಿಯ ಮೇಲೆ. ನಮ್ಮ ಕೆರೆ ಏರಿ ಇರುತ್ತದಲ್ವಾ, ಹಾಗೇ. ಒಂದು ಕಡೆ ನೀರು, ಮರಳು ದಿಬ್ಬ, ಇನ್ನೊಂದು ಕಡೆ ತಗ್ಗಿನಲ್ಲಿ ಹೊಲ, ತೋಟ, ಮನೆ. ಪ್ರವಾಹ ತಡೆಯಲು ನೂರಾರು ವರ್ಷ ಎತ್ತರಿಸುತ್ತಾ ಬಂದ ಏರಿ ಅದು. ಆದರೂ 1846, 1856, 1866ರಲ್ಲಿ ನದಿ ಒಡೆದು ಬಂತು. ಹಳೇ ಮನೆಗಳ ಗೋಡೆಯಲ್ಲಿ, ದಕ್ಕೆಯ ಕಲ್ಲಿನಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಗೆರೆ ಕೊರೆದು ವರ್ಷ ಬರೆದಿದ್ದಾರೆ. ಒಂದು ಕಡೆ ಆ ಗೆರೆ ನನ್ನ ತಲೆಗಿಂತ ಮೇಲಿತ್ತು. ಪಕ್ಕದಲ್ಲಿ ನದಿ ಮೊಣಕಾಲುದ್ದ ನೀರಲ್ಲಿ ಸುಮ್ನೆ ಹರಿಯುತ್ತಿತ್ತು. ಅದನ್ನು ನೋಡಿ ನೀರಿಗೆ ಇಳಿಯಲು ಹೋಗಬೇಡಿ. ಮರಳು ಜರಿಯುತ್ತದೆ, ಒಳಸುಳಿ ಇದೆ.

ಬ್ಲ್ವಾ ಆದ ಮೇಲೆ ಆಂಬ್ವಾಜ್. ಲಿಯೊನಾರ್ಡೊ ಡಾವಿಂಚಿ ಕೊನೆಯ ಮೂರು ವರ್ಷ ಇದ್ದ ಮನೆ ಅಲ್ಲಿದೆ, ಸಮಾಧಿಯೂ ಅಲ್ಲೇ ಅರಮನೆಯ ಚಾಪೆಲ್‌ನಲ್ಲಿ. ಜನ ಜಾಸ್ತಿ, ಬೆಳಿಗ್ಗೆ ಬೇಗ ಹೋಗಿ.

ಅಲ್ಲಿಂದ ಶೆನೊನ್ಸೋಗೆ ಒಂದು ದಿನ ಬಿಡಲೇಬೇಕು. ಲ್ವಾರ್ ಬಿಟ್ಟು ಶೇರ್ ಅನ್ನುವ ಪಕ್ಕದ ನದಿಗೆ ಹೋಗಬೇಕು, ನಡುವೆ ಸ್ವಲ್ಪ ಏರು. ಆ ಅರಮನೆ ನದಿಯ ಮೇಲೇ ನಿಂತಿದೆ. ಸೇತುವೆ, ಅದರ ಮೇಲೆ 60 ಮೀಟರ್ ಉದ್ದದ ಹಜಾರ, ಕೆಳಗೆ ಕಮಾನುಗಳಲ್ಲಿ ನೀರು. ಸೇತುವೆ ಕಟ್ಟಿಸಿದವಳು ರಾಜ ಎರಡನೇ ಹೆನ್ರಿಯ ಪ್ರೇಯಸಿ ದಿಯಾನ್ ದ ಪ್ವಾತಿಯೆ, ಮೇಲಿನ ಹಜಾರ ಕಟ್ಟಿಸಿದವಳು ಅವನ ರಾಣಿ ಕ್ಯಾಥರೀನ್ ದ ಮೆಡಿಚಿ. ಮೊದಲ ಮಹಾಯುದ್ಧದಲ್ಲಿ ಇದೇ ಹಜಾರ ಆಸ್ಪತ್ರೆಯಾಗಿತ್ತು. ಎರಡು ಸಾವಿರಕ್ಕೂ ಹೆಚ್ಚು ಗಾಯಾಳುಗಳು ಇಲ್ಲಿ ಮಲಗಿದ್ದರು. ಎರಡನೇ ಯುದ್ಧದಲ್ಲಿ ಶೇರ್ ನದಿಯೇ ಗಡಿಯಾಯಿತು. ಮುಂಬಾಗಿಲು ಜರ್ಮನರ ಹಿಡಿತದ ಕಡೆ, ಹಜಾರದ ಆ ತುದಿಯ ಬಾಗಿಲು ಇನ್ನೊಂದು ಕಡೆ. ಆ ಬಾಗಿಲಿನಿಂದ ಜನ ತಪ್ಪಿಸಿಕೊಂಡು ದಾಟಿದ್ದಾರೆ. ನಾವು ಆ ಬಾಗಿಲು ದಾಟಿ ಆಚೆ ದಡದ ಮರದ ಕೆಳಗೆ ಒಂದು ಗಂಟೆ ಕೂತಿದ್ದೆವು. ಅಕ್ಕ ಮಾತೇ ಆಡಲಿಲ್ಲ. ಆ ಹೊತ್ತಿಗೆ ಇನ್ನೊಂದು ಅರಮನೆಗೆ ಓಡುವುದಿದ್ದರೆ ಆ ಒಂದು ಗಂಟೆ ಎಲ್ಲಿ ಸಿಗುತ್ತಿತ್ತು ಹೇಳಿ.

ತೂರ್ ದೊಡ್ಡ ಊರು, ಒಂದು ರಾತ್ರಿ ಸಾಕು. ಅದರಾಚೆ ವಿಲಾಂದ್ರಿಯಲ್ಲಿ ತರಕಾರಿ ತೋಟವನ್ನೇ ರಂಗೋಲಿ ಥರ ಒಂಬತ್ತು ಚೌಕಗಳಲ್ಲಿ ಹಾಕಿದ್ದಾರೆ. ಕೋಸು, ಕುಂಬಳ, ಬೀಟ್‌ರೂಟ್, ಎಲ್ಲ ಬಣ್ಣಕ್ಕೆ ತಕ್ಕ ಹಾಗೆ. ನೀವು ಹೋಗುವ ಸೆಪ್ಟೆಂಬರ್‌ನಲ್ಲಿ ತುಂಬಿರುತ್ತದೆ. ಮೇಲಿನ ಜಗಲಿಯಿಂದ ನೋಡಿ.

ಕೊನೆಗೆ ಕಾಂದ್ ಸಾಂ ಮಾರ್ತಾಂ ಅನ್ನುವ ಪುಟ್ಟ ಊರು. ವಿಯೆನ್ ನದಿ ಲ್ವಾರ್‌ಗೆ ಸೇರುವ ಸಂಗಮ. ತೂರ್‌ನ ಬಿಷಪ್ ಆಗಿದ್ದ ಸಂತ ಮಾರ್ಟಿನ್ 397ರಲ್ಲಿ ತೀರಿಕೊಂಡದ್ದು ಇಲ್ಲೇ. ತೂರ್‌ನವರು ರಾತ್ರಿ ಕಿಟಕಿಯಿಂದ ದೇಹ ಇಳಿಸಿ ದೋಣಿಯಲ್ಲಿ ಒಯ್ದರಂತೆ, ನವೆಂಬರ್ ಚಳಿಯಲ್ಲೂ ದಂಡೆಯ ಗಿಡಗಳೆಲ್ಲ ಹೂ ಬಿಟ್ಟವಂತೆ. ಇಗರ್ಜಿಯ ಹಿಂದೆ ಕಡಿದಾದ ಏರು ಇದೆ, ಸೈಕಲ್ ತಳ್ಳಿಕೊಂಡೇ ಹತ್ತಿ. ಮೇಲಿನಿಂದ ಎರಡೂ ನದಿ ಕಾಣುತ್ತವೆ. ಅಲ್ಲಿಂದ ಕೆಲವೇ ಕಿ.ಮೀ. ದೂರದಲ್ಲಿ ಫೋಂತೆವ್ರೊ ಮಠ. 1804ರಿಂದ 1963ರವರೆಗೆ ಅದು ಜೈಲಾಗಿತ್ತು. ಈಗ ಆ ಬಿಳೀ ಕಲ್ಲಿನ ಖಾಲಿ ಇಗರ್ಜಿಯಲ್ಲಿ ಇಂಗ್ಲೆಂಡಿನ ರಾಣಿಯಾಗಿದ್ದ ಎಲಿಯನೋರ್‌ಳ ಸಮಾಧಿಯ ಮೂರ್ತಿ ಮಲಗಿದೆ, ಕೈಯಲ್ಲಿ ತೆರೆದ ಪುಸ್ತಕ. ನಮಗೆ ತುಂಬಾ ಇಷ್ಟವಾದ ಜಾಗ ಇದು.

ನೆದರ್ಲೆಂಡ್ಸ್‌ನಿಂದ

ಮೇಡಂ ಹೇಳಿದ ತುಂಡು ಸರಿ. ದಿಕ್ಕು ಮಾತ್ರ ತಿರುಗಿಸಿ ಅನ್ನುತ್ತೇನೆ. ಸೋಮ್ಯೂರ್‌ನಲ್ಲಿ ಶುರು ಮಾಡಿ ಬ್ಲ್ವಾದಲ್ಲಿ ಮುಗಿಸಿ. ನದಿ ಹರಿಯುವ ಕಡೆ ಹೋದರೆ ಇಳಿಜಾರು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆ ಇಳಿಜಾರು ಕಾಲಿಗೆ ಗೊತ್ತೇ ಆಗುವುದಿಲ್ಲ. ಗಾಳಿ ಗೊತ್ತಾಗುತ್ತದೆ. ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ, ಸಮುದ್ರದ ಕಡೆಯಿಂದ ಬೀಸುತ್ತದೆ. ಏರಿಯ ಮೇಲೆ ಮರದ ಮರೆಯೂ ಇರುವುದಿಲ್ಲ. ನಾನು ಎದುರುಗಾಳಿಯಲ್ಲಿ 40 ಕಿ.ಮೀ. ತುಳಿದ ದಿನ ಏನನ್ನೂ ನೋಡಲು ಮನಸ್ಸಾಗಲಿಲ್ಲ.

ಪ್ಯಾರಿಸ್ ಊರೊಳಗೆ ಹೋಗುವ ಅಗತ್ಯವಿಲ್ಲ. ಷಾರ್ಲ್ ದ ಗೋಲ್ ವಿಮಾನ ನಿಲ್ದಾಣದಿಂದಲೇ ಟಿಜಿವಿ ಅನ್ನುವ ಕೆಲವು ವೇಗದ ರೈಲುಗಳು ತೂರ್ ಪಕ್ಕದ ಸಾಂ ಪಿಯೇರ್ ದೆ ಕೋರ್‌ಗೆ ಹೋಗುತ್ತವೆ. ಅಲ್ಲಿಂದ ಸೋಮ್ಯೂರ್‌ಗೆ ಟಿಇಆರ್ ಅನ್ನುವ ಸಣ್ಣ ರೈಲು.

ಸೈಕಲ್ ಖಂಡಿತ ಅಲ್ಲೇ ಬಾಡಿಗೆಗೆ ತಗೊಳ್ಳಿ. ಒಂದು ಊರಲ್ಲಿ ತಗೊಂಡು ಇನ್ನೊಂದು ಊರಲ್ಲಿ ಬಿಡಲು ಕೊಡುವವರಿದ್ದಾರೆ. ಬ್ಯಾಗನ್ನು ಒಂದು ತಂಗುಮನೆಯಿಂದ ಮುಂದಿನದಕ್ಕೆ ವ್ಯಾನಿನಲ್ಲಿ ಮುಟ್ಟಿಸುವವರೂ ಇದ್ದಾರೆ. ನಿಮ್ಮ ವಯಸ್ಸಿಗೆ ಆ ದುಡ್ಡು ದಂಡವಲ್ಲ. ಅಂಗಡಿಯಿಂದ ಹೊರಡುವ ಮೊದಲು ಹತ್ತು ನಿಮಿಷ ಅಲ್ಲೇ ಓಡಿಸಿ ನೋಡಿ. ನನಗೆ ಕೊಟ್ಟ ಸೈಕಲ್ಲಿನ ಹಿಂದಿನ ಬ್ರೇಕ್ ಸವೆದಿತ್ತು. ಗೊತ್ತಾಗಿದ್ದು ಮೊದಲ ಇಳಿಜಾರಿನಲ್ಲಿ. ಇನ್ನೊಂದು ವಿಷಯ: ನಮ್ಮ ಊರಿನ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಚಕ್ರಕ್ಕೆ. ಅಲ್ಲಿ ಎಡಗೈಯದು ಮುಂದಿನ ಚಕ್ರಕ್ಕೆ. ಗಾಬರಿಯಲ್ಲಿ ಎಡಗೈ ಒಂದನ್ನೇ ಒತ್ತಿದರೆ ಮುಗ್ಗರಿಸುತ್ತೀರಿ. ಎರಡನ್ನೂ ಒಟ್ಟಿಗೆ ಒತ್ತುವ ಅಭ್ಯಾಸ ಈಗಲೇ ಮಾಡಿಕೊಳ್ಳಿ.

ರಸ್ತೆಯ ಬಲಗಡೆ ಹೋಗಬೇಕು, ಗೊತ್ತಿರುತ್ತದೆ. ಗೊತ್ತಿಲ್ಲದಿರಬಹುದಾದ್ದು ಇದು: ಊರೊಳಗೆ ಬೋರ್ಡಾಗಲಿ ಗೆರೆಯಾಗಲಿ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೇ ಮೊದಲ ದಾರಿ, ಅದು ಎಷ್ಟೇ ಸಣ್ಣ ಗಲ್ಲಿಯಾದರೂ. ಅವರು ನಿಲ್ಲಿಸುವುದಿಲ್ಲ, ನೀವೇ ನಿಲ್ಲಬೇಕು. ಕತ್ತಲಾದ ಮೇಲೆ ಊರ ಹೊರಗೆ ಹೊಳೆಯುವ ಜಾಕೆಟ್ ಹಾಕುವುದು ಅಲ್ಲಿ ಕಾನೂನು.

ತಂಗಲು 'ಅಕೆಯ್ ವೆಲೋ' ಅಂತ ಫಲಕ ಇರುವ ಮನೆಗಳನ್ನೇ ಹುಡುಕಿ. ದಾರಿಯಿಂದ 5 ಕಿ.ಮೀ. ಒಳಗೇ ಇರುತ್ತವೆ. ಸೈಕಲ್ ಇಡಲು ಬೀಗವಿರುವ ಜಾಗ, ಪಂಚರ್ ಸಾಮಾನು ಇಟ್ಟಿರುತ್ತಾರೆ.

ಧಾರವಾಡದಿಂದ

ಊಟದ ಬಗ್ಗೆ ನಾನು ಹೇಳುತ್ತೇನೆ, ನಾವು ಮನೆಯವರೆಲ್ಲ ಸಸ್ಯಾಹಾರಿಗಳೇ. ಹಸಿವಿನಿಂದ ಇರುವ ಪ್ರಸಂಗ ಬರುವುದಿಲ್ಲ, ಆದರೆ ಹೊತ್ತು ನೋಡಿಕೊಳ್ಳಬೇಕು. ಹಳ್ಳಿ ಹೋಟೆಲಿನಲ್ಲಿ ಮಧ್ಯಾಹ್ನದ ಊಟ 12ರಿಂದ 2. ಎರಡೂವರೆಗೆ ಹೋದರೆ ಒಲೆ ಆರಿರುತ್ತದೆ. ಭಾನುವಾರ ಮಧ್ಯಾಹ್ನದಿಂದ ಸೋಮವಾರ ಪೂರ್ತಿ ಎಷ್ಟೋ ಅಂಗಡಿ ತೆರೆಯುವುದಿಲ್ಲ. ನಾವೊಂದು ಸೋಮವಾರ ಮೂರು ಊರು ದಾಟಿದರೂ ಬ್ರೆಡ್ ಸಿಗಲಿಲ್ಲ. ಬ್ಯಾಗಿನಲ್ಲಿದ್ದ ಶೇಂಗಾ ಚಟ್ನಿಪುಡಿ, ಅವಲಕ್ಕಿ ಅವತ್ತು ಉಳಿಸಿದವು. ನೀವೂ ಒಯ್ಯಿರಿ.

ಅಂಗಡಿಗೆ ಕಾಲಿಟ್ಟ ಕೂಡಲೇ 'ಬೊಂಜೂರ್' ಅನ್ನಿ. ಅದನ್ನು ಹೇಳದೆ ಏನಾದರೂ ಕೇಳುವುದು ಅಲ್ಲಿ ಒರಟುತನ. ಆಮೇಲೆ 'ಸಾಂ ವಿಯಾಂದ್, ಸಾಂ ಪ್ವಾಸೋಂ', ಅಂದರೆ ಮಾಂಸ ಬೇಡ, ಮೀನು ಬೇಡ. 'ಸಾಂ ಲಾರ್ದೋಂ' ಅಂತಲೂ ಸೇರಿಸಿ. ಲಾರ್ದೋಂ ಅಂದರೆ ಹಂದಿಮಾಂಸದ ಚೂರು, ಸಲಾಡ್ ಮೇಲೂ ಉದುರಿಸುತ್ತಾರೆ. ಇನ್ನೊಂದು, ಅಲ್ಲಿನ ಹಳೇ ಪದ್ಧತಿಯ ಚೀಸ್‌ಗಳಿಗೆ ಕರು, ಆಡುಮರಿಗಳ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹಾಲು ಒಡೆಸುತ್ತಾರೆ. ಸೇಂತ್ ಮೋರ್ ಅನ್ನುವ ಆಡಿನ ಹಾಲಿನ ಚೀಸ್ ಆ ಸೀಮೆಯ ಹೆಮ್ಮೆ, ನಡುವೆ ಒಂದು ಹುಲ್ಲುಕಡ್ಡಿ ಇರುತ್ತದೆ. ತಿನ್ನುವುದು ಬಿಡುವುದು ನಿಮ್ಮ ಮನಸ್ಸು, ಗೊತ್ತಿರಲಿ ಅಂತ ಹೇಳಿದೆ.

ಸೋಮ್ಯೂರ್ ಸುತ್ತ ಬಿಳೀ ಮೆತ್ತನೆ ಕಲ್ಲಿನ ಗುಡ್ಡಗಳು. ಅರಮನೆಗಳಿಗೆ ಅಂತ ಆ ಕಲ್ಲು ಕಡಿದು ತೆಗೆದ ಮೇಲೆ ಉಳಿದ ಗುಹೆಗಳಲ್ಲಿ ಜನ ಮನೆ ಮಾಡಿದ್ದಾರೆ, ಅಣಬೆ ಬೆಳೆಯುತ್ತಾರೆ, ಹೋಟೆಲೂ ಇಟ್ಟಿದ್ದಾರೆ. ಅಲ್ಲಿ 'ಫುಯೆ' ಕೇಳಿ. ಕಟ್ಟಿಗೆ ಒಲೆಯಲ್ಲಿ ಉಬ್ಬಿದ ಪುಟ್ಟ ರೊಟ್ಟಿ. ಸುಡುಸುಡು ತಂದು ಹಾಕುತ್ತಲೇ ಇರುತ್ತಾರೆ. ಹೊಟ್ಟೆ ಸೀಳಿ ಒಳಗೆ ಅಣಬೆ, ಬಿಳೀ ಅವರೆಯಂಥ ಕಾಳು ತುಂಬಿಕೊಂಡು ತಿನ್ನುವುದು. ಮಾಂಸದ ರಿಯೆತ್ ಬೇಡ ಅಂತ ಮೊದಲೇ ಹೇಳಿ. ನಮ್ಮವ್ವ ಆರು ತಿಂದರು. ಹದಿನೈದು ದಿನದಲ್ಲಿ ಅವರು ಹೊಟ್ಟೆ ತುಂಬ ಉಂಡದ್ದು ಅವತ್ತೇ.

ನೀರಿಗೆ ಚಿಂತೆ ಬೇಡ. ಊರ ಸ್ಮಶಾನಗಳಲ್ಲಿ ಹೂಗಿಡಕ್ಕೆ ಅಂತ ನಲ್ಲಿ ಇರುತ್ತದೆ, ಸೈಕಲ್ಲಿನವರೆಲ್ಲ ಅಲ್ಲೇ ಬಾಟಲಿ ತುಂಬಿಸಿಕೊಳ್ಳುತ್ತಾರೆ. ಕುಡಿಯುವ ನೀರಲ್ಲ ಅಂತ ಬೋರ್ಡ್ ಇದ್ದರೆ ಮಾತ್ರ ಬಿಡಿ.

ಮಂಗಳೂರಿನಿಂದ

ಸೆಪ್ಟೆಂಬರ್ ಅಂದಿರಲ್ಲ, ಮೂರನೇ ವಾರದ ಕೊನೆಯನ್ನು ಸೇರಿಸಿಕೊಳ್ಳಿ. ಆ ಶನಿವಾರ, ಭಾನುವಾರ ಫ್ರಾನ್ಸಿನಲ್ಲಿ ಪರಂಪರೆಯ ದಿನಗಳು, 1984ರಿಂದ ನಡೆಯುತ್ತಿವೆ. ಬೇರೆ ದಿನ ಬಾಗಿಲು ಹಾಕಿರುವ ಖಾಸಗಿ ಮನೆ, ಗಿರಣಿ, ಪುರಸಭೆ ಕಟ್ಟಡಗಳೆಲ್ಲ ತೆರೆಯುತ್ತವೆ. ಎಷ್ಟೋ ಕಡೆ ಟಿಕೆಟ್ಟೂ ಇಲ್ಲ. ನಾನು ಒಂದು ಸಣ್ಣ ಊರಿನಲ್ಲಿ ಹಳೇ ನೀರಿನ ಗಿರಣಿ ತಿರುಗುವುದನ್ನು ನೋಡಿದೆ. ಮನೆಯ ಯಜಮಾನರೇ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ಶಾಂಬೋರ್‌ಗಿಂತ ಜಾಸ್ತಿ ನೆನಪಿರುವುದು ಅದೇ.

ಮತ್ತೆ ಮೈಸೂರಿನಿಂದ

ಎಲ್ಲರಿಗೂ ತುಂಬಾ ಧನ್ಯವಾದ. ಮನೆಯವರ ಜೊತೆ ಕೂತು ಹೀಗೆ ಮಾಡಿದೆವು. ಸೋಮ್ಯೂರ್‌ನಲ್ಲಿ ಎರಡು ರಾತ್ರಿ, ಫೋಂತೆವ್ರೊ ಅಲ್ಲಿಂದಲೇ. ಆಮೇಲೆ ಕಾಂದ್, ವಿಲಾಂದ್ರಿ, ತೂರ್, ಆಂಬ್ವಾಜ್. ಶೆನೊನ್ಸೋಗೆ ಪೂರ್ತಿ ಒಂದು ದಿನ. ಕೊನೆಗೆ ಬ್ಲ್ವಾ. ಆಗ ಕಾಲಲ್ಲಿ ಶಕ್ತಿ ಉಳಿದಿದ್ದರೆ ಶಾಂಬೋರ್. ಮನೆಯವರಿಗೆ ಮಂಡಿ ನೋವು ಆಗಾಗ ಬರುತ್ತದೆ, ಅದೊಂದೇ ಅಳುಕು.

ಬೆಂಗಳೂರಿನಿಂದ

ಮೇಡಂಗೆ ಬ್ಯಾಟರಿ ಸೈಕಲ್ ತಗೊಳ್ಳಿ ಸರ್. ನಮ್ಮಕ್ಕನೂ ಮಂಡಿ ನೋವಿನವರೇ, ಅದನ್ನೇ ತುಳಿದದ್ದು. ಏರಿನಲ್ಲಿ ನನಗಿಂತ ಮುಂದೆ ಹೋಗಿ ನನಗೋಸ್ಕರ ಕಾಯುತ್ತಿದ್ದರು. ಸೀಟಿನ ಎತ್ತರವನ್ನು ಅಂಗಡಿಯವರ ಹತ್ತಿರವೇ ಸರಿ ಮಾಡಿಸಿ, ತಗ್ಗಾದರೆ ಮಂಡಿಗೆ ಭಾರ. ಮತ್ತೆ, ಶೆನೊನ್ಸೋ ದಿನ ಸಂಜೆವರೆಗೂ ಅಲ್ಲೇ ಇರಿ. ಗುಂಪುಗಳೆಲ್ಲ ಹೊರಟ ಮೇಲೆ ಹಜಾರದಲ್ಲಿ ನಿಂತರೆ ಕೆಳಗಿನ ನೀರಿನ ಸದ್ದು ಕೇಳುತ್ತದೆ.