ಪದಚರ್ಚೆ: ‘ಮಧ್ಯಮ ಖಿನ್ನತೆ’ ಅಂದರೆ ಜನ ಏನು ತಿಳಿದುಕೊಳ್ಳುತ್ತಾರೆ?

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯಿಂದ ಬರೆಯುತ್ತಿದ್ದೇನೆ. ಮನಸ್ಸಿನ ಆರೋಗ್ಯದ ಆನ್‌ಲೈನ್ ಪರೀಕ್ಷೆಗಳಲ್ಲಿ ಕೊನೆಗೆ ಒಂದು ಅಂಕಿ ಬರುತ್ತದಲ್ಲ, ಅದರ ಪಕ್ಕ ಕನ್ನಡದಲ್ಲಿ ಹಾಕುವ ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಇಲ್ಲಿನ ಕನ್ನಡ ಹೆಂಗಸರಿಗಾಗಿ ನಾವು ಕೆಲವರು ಸೇರಿ ಒಂದು ಪುಟದ ವಿವರಣೆ ಬರೆಯುತ್ತಿದ್ದೇವೆ. ಅದು ಈ ಪದಗಳ ಹತ್ತಿರವೇ ನಿಂತುಬಿಟ್ಟಿದೆ.

ಹೆಚ್ಚಾಗಿ ಎದುರಾಗುವುದು ಪಿಎಚ್‌ಕ್ಯೂ-9, ಖಿನ್ನತೆಯ ಲಕ್ಷಣಗಳು ಎಷ್ಟಿವೆ ಅಂತ ಅಳೆಯುವ ಪ್ರಶ್ನಾವಳಿ. ಅಮೆರಿಕದ ಸ್ಪಿಟ್ಜರ್, ವಿಲಿಯಮ್ಸ್, ಕ್ರೋಂಕೆ ರೂಪಿಸಿದ್ದು, 2001ರಲ್ಲಿ ಪ್ರಕಟವಾಯಿತು. ಒಂಬತ್ತು ಪ್ರಶ್ನೆ, ಎಲ್ಲವೂ ಹಿಂದಿನ ಎರಡು ವಾರದ ಬಗ್ಗೆ, ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 27. ಇದರಲ್ಲಿ 5ರಿಂದ 9 ‘ಮೈಲ್ಡ್’, 10ರಿಂದ 14 ‘ಮಾಡರೇಟ್’, 15ರಿಂದ 19 ‘ಮಾಡರೇಟ್ಲಿ ಸಿವಿಯರ್’, 20 ಮತ್ತು ಅದರ ಮೇಲೆ ‘ಸಿವಿಯರ್’. ಇವನ್ನೇ ಕನ್ನಡದಲ್ಲಿ ಸೌಮ್ಯ, ಮಧ್ಯಮ, ಮಧ್ಯಮ ತೀವ್ರ, ತೀವ್ರ ಅಂತ ಹಾಕಿರುವುದನ್ನು ನೋಡಿದ್ದೇನೆ.

ಪಕ್ಕದ ಬಿಲ್ಡಿಂಗಿನವರೊಬ್ಬರು ಫೋನ್ ತೋರಿಸಿ, “ಅಕ್ಕಾ, 13 ಬಂದಿದೆ, ಮಧ್ಯಮ ಅಂತೆ. ಮಧ್ಯಮ ಅಂದ್ರೆ ಎಲ್ಲರಿಗೂ ಇರೋವಷ್ಟೇ ಅಲ್ವಾ?” ಅಂದರು. ಅವರು ಅರ್ಥ ಮಾಡಿಕೊಂಡಿದ್ದು ಕನ್ನಡದ ಪ್ರಕಾರ ಸರಿಯಾಗಿಯೇ ಇದೆ. ಮಧ್ಯಮ ಗಾತ್ರ, ಮಧ್ಯಮ ಉರಿ, ಮಧ್ಯಮ ವರ್ಗ ಅನ್ನುವಾಗ ನಮ್ಮ ಕಿವಿಗೆ ಕೇಳಿಸುವುದು ‘ಅತಿ ಇಲ್ಲ, ಹದವಾಗಿದೆ’ ಅನ್ನೋದು. ಆದರೆ ಈ ಪಟ್ಟಿಯಲ್ಲಿ 10 ಮುಟ್ಟಿತು ಅಂದರೆ ಡಾಕ್ಟರ ಹತ್ತಿರ ಒಮ್ಮೆ ಮಾತಾಡಿ ಅನ್ನುವ ಸೂಚನೆ. ‘ಸಾಧಾರಣ’ ಅಂತ ಬರೆಯೋಣ ಅಂದರೆ ಮುಂಬೈ ಕನ್ನಡಿಗರಲ್ಲಿ ಕರಾವಳಿಯವರೇ ಜಾಸ್ತಿ, ಅವರು ಕ್ಷೇಮ ವಿಚಾರಿಸಿದರೂ ‘ಸಾಧಾರಣ’ ಅಂತಲೇ ಉತ್ತರ ಕೊಡುತ್ತಾರೆ. ‘ಸೌಮ್ಯ’ ನಮಗೆ ಸ್ವಭಾವದ ಮಾತು, ಕಾಯಿಲೆಗೆ ಹೊಂದುವುದಿಲ್ಲ. ‘ಮಧ್ಯಮ ತೀವ್ರ’ ಅಂದರಂತೂ ಮಧ್ಯಮವೋ ತೀವ್ರವೋ ಅಂತ ಓದುವವರು ಅಲ್ಲೇ ನಿಲ್ಲುತ್ತಾರೆ.

ನನ್ನ ಸಲಹೆ: ಕಡಿಮೆ, ಗಮನ ಕೊಡಬೇಕಾದಷ್ಟು, ಹೆಚ್ಚು, ತುಂಬಾ ಹೆಚ್ಚು. ಮುಖ್ಯವಾಗಿ ಈ ಪದಗಳು ‘ಖಿನ್ನತೆ’ಗೆ ಅಂಟಬಾರದು, ‘ಲಕ್ಷಣಗಳು’ ಅನ್ನುವುದಕ್ಕೆ ಅಂಟಬೇಕು. ‘ನಿಮಗೆ ಖಿನ್ನತೆ ಇದೆ’ ಅಂತ ಹೇಳುವ ಅಧಿಕಾರ ಈ ಫಾರ್ಮಿಗೆ ಇಲ್ಲ. ಮೊದಲ ಅಧ್ಯಯನದಲ್ಲಿ 10ರ ಗೆರೆ ಇಟ್ಟಾಗ ಖಿನ್ನತೆ ಇದ್ದವರಲ್ಲಿ ನೂರಕ್ಕೆ 88 ಜನ ಸಿಕ್ಕಿದರು, ಇಲ್ಲದವರಲ್ಲಿ ನೂರಕ್ಕೆ 88 ಜನ ಹೊರಗುಳಿದರು. ಇದು ಕೇಳಲು ಚೆನ್ನಾಗಿದೆ. ಆದರೆ ನೂರು ಜನರ ಗುಂಪಿನಲ್ಲಿ ಹತ್ತು ಜನಕ್ಕೆ ಖಿನ್ನತೆ ಇದೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿ. ಆ ಹತ್ತರಲ್ಲಿ ಸುಮಾರು ಒಂಬತ್ತು ಜನ ಗೆರೆ ದಾಟುತ್ತಾರೆ, ಉಳಿದ ತೊಂಬತ್ತರಲ್ಲೂ ಹನ್ನೊಂದು ಜನ ದಾಟುತ್ತಾರೆ. ಅಂದರೆ ಗೆರೆ ದಾಟಿದ ಇಪ್ಪತ್ತು ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಖಿನ್ನತೆ ಇರುವುದಿಲ್ಲ. ಥೈರಾಯ್ಡ್ ಏರುಪೇರು, ರಕ್ತ ಕಡಿಮೆ ಇರುವುದು, ರಾತ್ರಿ ಪಾಳಿ ಮುಗಿಸಿ ಲೋಕಲ್ ಹಿಡಿದು ಬಂದು ಹಗಲು ನಿದ್ದೆ ಬಾರದಿರುವುದು, ಇವೆಲ್ಲ ಸುಸ್ತು ಮತ್ತು ನಿದ್ದೆಯ ಪ್ರಶ್ನೆಗಳಲ್ಲಿ ಅಂಕ ಏರಿಸುತ್ತವೆ. ಯಾಕೆ ಏರಿತು ಅಂತ ಅಂಕಿ ಹೇಳುವುದಿಲ್ಲ. ಆದ್ದರಿಂದ ‘ಪಾಸಿಟಿವ್ ಬಂತು’ ಅನ್ನೋ ಮಾತು ಬೇಡ. ಕೋವಿಡ್ ಆದಮೇಲೆ ಆ ಪದ ಕೇಳಿದರೆ ರೋಗ ಖಚಿತ ಅಂತಲೇ ಜನ ತಿಳಿಯುತ್ತಾರೆ. ಸ್ಕ್ರೀನಿಂಗ್‌ಗೆ ‘ಜರಡಿ ಪರೀಕ್ಷೆ’ ಅಂದರೆ ಹೇಗೆ? ಜರಡಿಯಲ್ಲಿ ಉಳಿದಿದ್ದನ್ನು ಆಮೇಲೆ ಕೈಯಲ್ಲಿ ಆರಿಸಲೇಬೇಕು ಅನ್ನೋದು ಎಲ್ಲರಿಗೂ ಗೊತ್ತು.

ಇನ್ನೊಂದು ತೊಡಕು ಉತ್ತರದ ಆಯ್ಕೆಗಳಲ್ಲಿದೆ. ಇಂಗ್ಲಿಷಿನ ‘ಸೆವರಲ್ ಡೇಸ್’ ಅನ್ನುವುದಕ್ಕೆ 1 ಅಂಕ, ಅರ್ಧಕ್ಕಿಂತ ಹೆಚ್ಚು ದಿನ ಅಂದರೆ 2. ನಾನು ನೋಡಿದ ಒಂದು ಕನ್ನಡ ಫಾರ್ಮಿನಲ್ಲಿ ಮೊದಲನೆಯದಕ್ಕೆ ‘ಹಲವು ದಿನ’ ಅಂತ ಇತ್ತು. ಕೆಲವು ಅಂದರೆ ಸ್ವಲ್ಪ, ಹಲವು ಅಂದರೆ ಬಹಳ, ಅಲ್ವಾ? ಹದಿನಾಲ್ಕು ದಿನದಲ್ಲಿ ಒಂಬತ್ತು ದಿನ ನಿದ್ದೆ ಬರದವರು ಮೇಲಿಂದ ಓದುತ್ತಾ ಬಂದು ‘ಹಲವು ದಿನ’ ಕಂಡ ಕೂಡಲೇ ಇದೇ ಸರಿ ಅಂತ ಒತ್ತಿಬಿಡುತ್ತಾರೆ, ಕೆಳಗಿನ ಸಾಲಿಗೆ ಹೋಗುವುದೇ ಇಲ್ಲ. ಹೀಗೆ ಏಳು ಪ್ರಶ್ನೆಗಳಲ್ಲಿ ಒಂದೊಂದು ಅಂಕ ಹೋದರೆ 14 ಬರಬೇಕಾದವರಿಗೆ 7 ಬರಬಹುದು. ಒಂದು ಅಕ್ಷರದಿಂದ ಇಷ್ಟು ವ್ಯತ್ಯಾಸ. ಪರೀಕ್ಷೆಯ ಮಾತನ್ನೇ ನಾವು ಸುಮ್ನೆ ತಿದ್ದಲು ಹೋಗಬಾರದು, ಅದಕ್ಕೆ ಅನುವಾದ ಮಾಡಿ, ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಜನರ ಮೇಲೆ ಪ್ರಯೋಗಿಸಿ ನೋಡುವ ಕ್ರಮ ಇದೆ. ಆದರೆ ವಿವರಣೆಯಲ್ಲಿ ‘ಎಂಟು ದಿನ ಅಥವಾ ಜಾಸ್ತಿ ಆಗಿದ್ದರೆ ಅರ್ಧಕ್ಕಿಂತ ಹೆಚ್ಚು ಅಂತ ಲೆಕ್ಕ’ ಎಂದು ಒಂದು ಸಾಲು ಸೇರಿಸಬಹುದು.

ಒಂಬತ್ತನೇ ಪ್ರಶ್ನೆಯ ವಿಷಯದಲ್ಲಿ ಮಾತ್ರ ಪದಚರ್ಚೆ ಬೇಡ. ಬದುಕಿರುವುದೇ ಬೇಡ ಅನ್ನಿಸಿತೇ, ನೋವು ಮಾಡಿಕೊಳ್ಳಬೇಕು ಅನ್ನಿಸಿತೇ ಅಂತ ಅದು ಕೇಳುತ್ತದೆ. ಅಲ್ಲಿ ಸೊನ್ನೆ ಬಿಟ್ಟು ಬೇರೇನು ಬಂದರೂ, ಒಟ್ಟು ಅಂಕ 4 ಆಗಿದ್ದರೂ ಸರಿ, ಅವತ್ತೇ ಯಾರ ಹತ್ತಿರವಾದರೂ ಮಾತಾಡಬೇಕು. ಟೆಲಿ ಮಾನಸ್ ಸಹಾಯವಾಣಿ 14416, 2022ರ ಅಕ್ಟೋಬರಿನಲ್ಲಿ ಶುರುವಾಗಿದ್ದು, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಇದನ್ನು ಪುಟದ ಮೇಲ್ಭಾಗದಲ್ಲೇ ದಪ್ಪ ಅಕ್ಷರದಲ್ಲಿ ಹಾಕುತ್ತೇವೆ.

ದೊಡ್ಡ ಅಂಕಿ ಬಂದವರು ಮುಗಿದೇಹೋಯಿತು ಅಂತ ಹೆದರಬಾರದು, ಅದಕ್ಕಾಗಿ ಗೋವಾದ ಕೆಲಸವನ್ನೂ ಎರಡು ಸಾಲಿನಲ್ಲಿ ಸೇರಿಸಿದ್ದೇನೆ. ಅಲ್ಲಿನ ಸಂಗಾತ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದೇ ಪ್ರಶ್ನೆಗಳಿಂದ 14ಕ್ಕಿಂತ ಹೆಚ್ಚು ಅಂಕ ಬಂದವರನ್ನು ಗುರುತಿಸಿದರು. ಡಾಕ್ಟರಲ್ಲದ, ತರಬೇತಿ ಪಡೆದ ಸಲಹೆಗಾರರು ಆರರಿಂದ ಎಂಟು ಸಲ ಕೂತು ಮಾತಾಡಿದರು. ಜನ ಸುಧಾರಿಸಿದರು. 2017ರಲ್ಲಿ ಅದು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಈಗ ನನ್ನ ಪ್ರಶ್ನೆಗೆ ಬನ್ನಿ. ‘ಗಮನ ಕೊಡಬೇಕಾದಷ್ಟು’ ಉದ್ದವಾಯಿತು, ಒಂದೇ ಪದ ಹೊಳೆಯುತ್ತಿಲ್ಲ, ನಿಮಗೆ ಹೊಳೆದರೆ ತಿಳಿಸಿ. ಇನ್ನೊಂದು, ವಾಸ್ಕೋ ಮತ್ತು ಪುಣೆ ಕಡೆ ಇರುವ ಉತ್ತರ ಕರ್ನಾಟಕದವರು ಹೇಳಿ: ಮೊದಲ ಪ್ರಶ್ನೆಯಲ್ಲಿ ‘ಆಸಕ್ತಿ ಅಥವಾ ಖುಷಿ ಇಲ್ಲದಿರುವುದು’ ಅಂತ ಇದೆ. ನಮ್ಮ ಕಡೆ ‘ಯಾವುದಕ್ಕೂ ಮನಸ್ಸಿಲ್ಲ’ ಅಂತೀವಿ. ನಿಮ್ಮ ಮನೆಯ ಹಿರಿಯರು ಇದಕ್ಕೆ ‘ಬ್ಯಾಸರ’ ಅಂತಾರಾ, ಅಥವಾ ಅದನ್ನು ಬರೀ ದಣಿವಿಗೆ ಬಳಸುತ್ತಾರಾ?