ಬಾವಲಿಗೂ ದಾಂಡಿಗೂ ಒಂದೇ ಹೆಸರೇಕೆ?

ಪ್ರಶ್ನೆ:
ಮೂರನೆಯ ತರಗತಿಯ ಮೊಮ್ಮಗಳ ಇಂಗ್ಲಿಷ್ ಪುಸ್ತಕದಲ್ಲಿ ‘ಬ್ಯಾಟ್’ ಪದದ ಕೆಳಗೆ ಎರಡು ಚಿತ್ರಗಳಿವೆ: ಕ್ರಿಕೆಟ್ ದಾಂಡು ಮತ್ತು ನೇತಾಡುವ ಬಾವಲಿ. “ಅಜ್ಜೀ, ದಾಂಡನ್ನೂ ಮೊಳೆಗೆ ತಲೆಕೆಳಗಾಗಿ ನೇತುಹಾಕುತ್ತಾರೆ ಎಂದು ಹೀಗೆ ಕರೆದರೇ?” ಎಂದು ಕೇಳಿದಳು. ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಒಲೆಯ ಮೇಲೆ ಹಾಲಿದೆ ಎಂಬ ನೆಪ ಹೇಳಿ ಎದ್ದುಬಂದೆ. ಬಲ್ಲವರು ತಿಳಿಸಿ.

ಉತ್ತರ 1:
ಅಮ್ಮಾ, ಎರಡಕ್ಕೂ ನಂಟೇ ಇಲ್ಲ. ದಾಂಡಿನ ಬ್ಯಾಟ್ ಹಳೆಯ ಇಂಗ್ಲಿಷಿನ ದೊಣ್ಣೆ. ಬಾವಲಿಯ ಹೆಸರು ಸ್ಕ್ಯಾಂಡಿನೇವಿಯಾ ಕಡೆಯದು. ಮೊದಲು ಅದು ‘ಬಕ್ಕೆ’. 16ನೆಯ ಶತಮಾನದಲ್ಲಿ ಕಕಾರ ಹೋಗಿ ಟಕಾರ ಬಂತು, ಎರಡೂ ಒಂದೇ ಆಗಿ ಕೇಳಿಸತೊಡಗಿದವು. ನಮ್ಮ ‘ಕರೆ’ಯನ್ನೇ ನೋಡಿ. ಕೂಗಿ ಕರೆಯುವುದೂ ಹಾಲು ಕರೆಯುವುದೂ ಇಂದು ಒಂದೇ ಕಾಗುಣಿತ. ಹಳಗನ್ನಡದಲ್ಲಿ ಹಾಲಿನ ‘ಕಱೆ’ಗೆ ‘ಱ’ ಎಂಬ ಬೇರೆಯದೇ ರಕಾರ, ಅಂದರೆ ಶಕಟರೇಫವಿತ್ತು. ಆ ಅಕ್ಷರ ಬಿಟ್ಟುಹೋದದ್ದೇ ತಡ, ಎರಡೂ ಬೆರೆತವು.

ಉತ್ತರ 2:
ನಾನು ನಿವೃತ್ತ ಸೈನಿಕ. ಸೈನ್ಯದಲ್ಲಿ ಅಧಿಕಾರಿಯ ಸಹಾಯಕನಿಗೆ ‘ಬ್ಯಾಟ್‌ಮನ್’ ಎನ್ನುತ್ತಿದ್ದರು. ಅವನಿಗೆ ದಾಂಡೂ ಇಲ್ಲ, ರೆಕ್ಕೆಯೂ ಇಲ್ಲ! ಹೇರು ಹೊರುವ ಕುದುರೆಯ ಜೀನಿಗೆ ಫ್ರೆಂಚರು ‘ಬಾ’ ಎನ್ನುತ್ತಾರೆ. ಬರೆಯುವಾಗ ಕೊನೆಗೊಂದು ಟಕಾರವಿದೆ. ಆ ಕುದುರೆಯನ್ನೂ ಸಾಮಾನನ್ನೂ ನೋಡಿಕೊಳ್ಳುವವನೇ ಬ್ಯಾಟ್‌ಮನ್.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ‘ಕರೆ’ಯ ಸಂಗತಿಯನ್ನು ಹೇಳಿದೆ. “ಹಾಗಾದರೆ ‘ಹಸುವನ್ನು ಕರೆ’ ಎಂದರೆ ಕೂಗಬೇಕೋ, ಚೊಂಬು ತರಬೇಕೋ?” ಎಂದಳು. ಮತ್ತೆ ಹಾಲಿನ ನೆಪವೇ ಗತಿಯಾಯಿತು.